ಗಣಿತದ ತರಗತಿಯಲ್ಲಿ ಕೇಳಿದ ಚೆಂಡೆ

ಬಾವುಟಗುಡ್ಡೆಗೆ ಮಳೆ ಹಿಡಿದರೆ ಹಂಚಿನ ಮಾಡಿನ ಕೆಳಗೆ ಪಾಠ ಕೇಳಿಸುತ್ತಿರಲಿಲ್ಲವಾದ್ದರಿಂದ, ನಮ್ಮ ಗಣಿತದ ಸರ್ ಮಳೆಗಾಲದಲ್ಲಿ ಮಾತಿಗಿಂತ ಕರಿಹಲಗೆಯನ್ನೇ ಹೆಚ್ಚು ನಂಬುತ್ತಿದ್ದರು. ಅಂತಿಮ ಬಿ.ಎಸ್ಸಿ.ಯ ನಮಗೆ ಅವರು ಅಂಥ ಒಂದು ದಿನ ಬರೆದು ತೋರಿಸಿದ್ದು ಒಂದೇ ಒಂದು ಸಮೀಕರಣ: ಏರುಪೇರನ್ನು ತಗ್ಗಿಸಬೇಕಾದ ಪ್ರತಿಕ್ರಿಯೆಯು ಈಗಿನ ಸ್ಥಿತಿಯನ್ನು ನೋಡದೆ ತುಸು ಹಿಂದಿನ ಸ್ಥಿತಿಯನ್ನು ನೋಡಿ ವರ್ತಿಸಿದರೆ ಏನಾಗುತ್ತದೆ? ತಡವಿಲ್ಲದಿದ್ದರೆ ಎಲ್ಲವೂ ಅಡಗುತ್ತದೆ. ಪ್ರತಿಕ್ರಿಯೆಯ ಬಲವನ್ನು ತಡದ ಅವಧಿಯಿಂದ ಗುಣಿಸಿದಾಗ ಬರುವ ಸಂಖ್ಯೆ ಸುಮಾರು 1.57ನ್ನು, ಅಂದರೆ ಪೈಯ ಅರ್ಧವನ್ನು, ದಾಟಿತೆಂದರೆ ಓಲಾಟ ಬೆಳೆಯುತ್ತಲೇ ಹೋಗುತ್ತದೆ.

ನನ್ನ ಮುಖ ನೋಡಿಯೇ ಸರ್‌ಗೆ ತಿಳಿದಿರಬೇಕು. "ಯಕ್ಷಗಾನದ ಆಟ ನೋಡಿದ್ದೀಯಲ್ಲ ಮಾರಾಯ? ಚೆಂಡೆಯವರು ಪಕ್ಕದ ಮದ್ದಳೆಯನ್ನು ಕೇಳದೆ, ಮೈದಾನದ ಆಚೆ ತುದಿಯ ಹಾರ್ನಿನಿಂದ ಬರುವ ಸದ್ದಿಗೆ ಬಾರಿಸಿದರೆ?" ಎಂದರು. ಸದ್ದಿಗೆ 34 ಮೀಟರ್ ದಾಟಲು ಸೆಕೆಂಡಿನ ಹತ್ತನೆಯ ಒಂದು ಪಾಲು ಬೇಕು; ಇವರು ಅವರಿಗೆ ಕಾದು, ಅವರು ಇವರಿಗೆ ಕಾದು ತಾಳವೇ ಜಾರುತ್ತದೆ. ಮೆದುಳಿನಲ್ಲೂ ಇಂಥ ತಡವಿದೆ. ನರದ ಸಂಕೇತವಾದರೋ ಸದ್ದಿಗಿಂತಲೂ ನಿಧಾನ: ಮಯಲಿನ್ ಎಂಬ ಕೊಬ್ಬಿನಂಶದ ಹೊದಿಕೆಯ ಅತಿವೇಗದ ತಂತುಗಳಲ್ಲಿ ಸೆಕೆಂಡಿಗೆ 100 ಮೀಟರಿನ ಆಸುಪಾಸು, ಹೊದಿಕೆಯಿಲ್ಲದ ತೆಳು ತಂತುಗಳಲ್ಲಿ ಒಂದೆರಡು ಮೀಟರ್ ಮಾತ್ರ. ಈ ವೇಗವನ್ನು ಅಳೆಯಲು ಸಾಧ್ಯವೇ ಇಲ್ಲವೆಂದು ಜರ್ಮನಿಯ ಶರೀರವಿಜ್ಞಾನಿ ಮ್ಯುಲರ್ ನಂಬಿದ್ದರು. 1850ರ ಹೊತ್ತಿಗೆ ಕಪ್ಪೆಯ ನರದಲ್ಲಿ ಅದನ್ನು ಅಳೆದು ತೋರಿಸಿದ ಹೆಲ್ಮ್‌ಹೋಲ್ಟ್ಸ್ ಅವರದೇ ಶಿಷ್ಯ. ಈ ಕಥೆಯನ್ನು ಹೇಳುವಾಗ ಸರ್‌ಗೆ ವಿಶೇಷ ಖುಷಿ.

ಸಂಪರ್ಕಗಳು ಹೆಚ್ಚಾದಷ್ಟೂ ಜಾಲ ಭದ್ರವೆಂದು ಸೆಮಿನಾರಿನಲ್ಲಿ ಜೋರಾಗಿ ವಾದಿಸಿ ಸೋತವನು ನಾನು. ವಿಜ್ಞಾನಿ ರಾಬರ್ಟ್ ಮೇ 1972ರಲ್ಲಿ ಜೀವಿಸಮುದಾಯಗಳನ್ನು ಕುರಿತು ಬರೆದ ಪುಟ್ಟ ಲೇಖನವನ್ನು ಸರ್ ನನ್ನ ಕೈಗಿತ್ತರು. ಮನಬಂದಂತೆ ಹೆಣೆದ ಜಾಲದಲ್ಲಿ ಘಟಕಗಳ ಸಂಖ್ಯೆ, ಸಂಪರ್ಕದ ದಟ್ಟಣೆ, ಬಲ ಇವೆಲ್ಲ ಸೇರಿ ಒಂದು ಮಿತಿ ಮೀರಿದರೆ ಸ್ಥಿರತೆ ಕುಸಿಯುತ್ತದೆಂಬ ಅದರ ಲೆಕ್ಕ ಮೆದುಳಿಗೂ ಪ್ರಶ್ನೆಯೊಡ್ಡುತ್ತದೆ. ಸುಮಾರು 8,600 ಕೋಟಿ ನರಕೋಶಗಳ ಜಾಲ ಮನಬಂದಂತೆ ಹೆಣೆದದ್ದಲ್ಲ. ಉದ್ರೇಕಿಸುವ ಕೋಶಗಳ ಜೊತೆಗೇ ತಡೆಯುವ ಕೋಶಗಳೂ ಅಲ್ಲಿವೆ. ಆದರೆ ಆ ತಡೆ ತಡವಾಗಿ ಬಂದರೆ ಅದೇ ಓಲಾಟಕ್ಕೆ ಕಾರಣವಾಗಬಹುದು.

ಓಲಾಟವೆಲ್ಲ ರೋಗವಲ್ಲ ಎಂಬುದು ನನಗೆ ಮನದಟ್ಟಾದದ್ದು ಮೆದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವ ಇಇಜಿ ಕೆಲಸಕ್ಕೆ ಸೇರಿದ ಮೇಲೆ. ಮೆದುಳಿನ ಒಳಭಾಗದ ಥಲಾಮಸ್ ಮತ್ತು ಹೊರಪದರದ ನಡುವಿನ ಸುತ್ತಿನಲ್ಲಿ ಕೆಲವು ಮಕ್ಕಳಿಗೆ ಸೆಕೆಂಡಿಗೆ ಮೂರರಂತೆ ಏಳುವ ಅಲೆ ಅಪಸ್ಮಾರದ ಗುರುತು. ಜರ್ಮನಿಯ ಮನೋವೈದ್ಯ ಬರ್ಗರ್ 1929ರಲ್ಲಿ ಪ್ರಕಟಿಸಿದ ಆಲ್ಫಾ ಅಲೆಯಾದರೋ, ಸೆಕೆಂಡಿಗೆ 8ರಿಂದ 13ರಂತೆ, ಆರೋಗ್ಯವಂತರು ಕಣ್ಣು ಮುಚ್ಚಿ ಕುಳಿತಾಗ ತಲೆಯ ಹಿಂಭಾಗದಲ್ಲಿ ಕಾಣುತ್ತದೆ. "ಕಣ್ಣು ಬಿಡಿ" ಎಂದೊಡನೆ ಅಡಗುತ್ತದೆ.