ಲಾಂಗ್ ಬೀಚ್ ಸೇತುವೆ ಮೇಲೆ ಅಪ್ಪ

ಅಪ್ಪ ಕ್ಯಾಲಿಫೋರ್ನಿಯಾಕ್ಕೆ ಬಂದಾಗ ಡಿಸ್ನಿಲ್ಯಾಂಡ್ ಬೇಡ, ಲಾಂಗ್ ಬೀಚ್ ಬಂದರು ತೋರಿಸು ಅಂದರು. ನೌಕರಿಯೆಲ್ಲ ಕಾರವಾರದಲ್ಲಿ ಮಾಡಿದವರು, ಇನ್ನೇನು ಕೇಳ್ತಾರೆ! ಒಂದು ಭಾನುವಾರ ಬಂದರಿನ ಹೊಸ ಸೇತುವೆ ಮೇಲೆ ನಡೆಯಲು ಹೊರಟೆವು. ಸೈಕಲ್ಲಿನವರಿಗೆ, ನಡೆಯುವವರಿಗೆ ಅಂತಲೇ ಅದರ ಅಂಚಿನಲ್ಲಿ ಬೇರೆ ದಾರಿ ಇದೆ. ಅದು ತೆರೆದದ್ದು 2023ರಲ್ಲಿ.

ಏರು ಚೆನ್ನಾಗಿಯೇ ಇದೆ. ಮಧ್ಯಕ್ಕೆ ಬರುವಷ್ಟರಲ್ಲಿ ನನಗೇ ಏದುಸಿರು. ಪಕ್ಕದಲ್ಲಿ ಕಂಟೇನರ್ ಲಾರಿ ಹೋದಾಗಲೆಲ್ಲ ಕಂಬಿ ಸಣ್ಣಗೆ ನಡುಗುತ್ತಿತ್ತು. ಅಪ್ಪ ಅದರ ಮೇಲೆ ಅಂಗೈ ಇಟ್ಟು ನೋಡಿದರು.

"ಅಲ್ಲಾಡ್ತದಲ್ಲೋ ಇದು!"

ಅವರ ಹೆದರಿಕೆ ಸುಮ್ನೆ ಅಲ್ಲ. 2024ರ ಆಗಸ್ಟ್‌ನಲ್ಲಿ ಕಾಳಿ ನದಿಯ ಹಳೇ ಸೇತುವೆ ರಾತ್ರೋರಾತ್ರಿ ಕುಸಿದು, ಲಾರಿಯೊಂದು ನೀರಿಗೆ ಬಿದ್ದಿತ್ತು. ಸದಾಶಿವಗಡದ ಕಡೆ ಹೋಗಲು ಅವರು ವರ್ಷಗಟ್ಟಲೆ ದಾಟಿದ ಸೇತುವೆ ಅದು.

"ಅಲ್ಲಾಡಬೇಕು ಅಂತಲೇ ಕಟ್ಟಿದ್ದಾರೆ ಅಪ್ಪ" ಅಂದೆ. ಎರಡು ಗೋಪುರ, ಒಂದೊಂದೂ 515 ಅಡಿ. ಅವುಗಳಿಂದ ಇಳಿದ 80 ಕೇಬಲ್‌ಗಳು ರಸ್ತೆಯನ್ನು ಹಿಡಿದಿವೆ. ಭೂಕಂಪದ ಊರು ಅಲ್ವಾ, ಜೋರಾಗಿ ನಡುಗಿದರೆ ಹೊಡೆತ ತಾಳಿಕೊಳ್ಳಲು ಡ್ಯಾಂಪರ್‌ಗಳನ್ನೂ ಹಾಕಿದ್ದಾರೆ. ಅಪ್ಪ ಹೂಂ ಅಂದರು. ನಂಬಿದ ಹಾಗೆ ಕಾಣಲಿಲ್ಲ.

"ಹಳೇದು ಬಿದ್ದ ಮೇಲೆ ಕಟ್ಟಿದ್ದಾ?"

ಬಿದ್ದಿರಲಿಲ್ಲ. ಆದರೆ 1968ರ ಆ ಕಮಾನು ಸೇತುವೆಯಿಂದ ಕಾಂಕ್ರೀಟ್ ಚೂರು ಉದುರುತ್ತಿದ್ದವು. ಅವನ್ನು ಹಿಡಿಯಲು ಅಡಿಯಲ್ಲಿ ಬಲೆ ಕಟ್ಟಿದ್ದರು. ಲಾರಿಯೊಂದು ಕೆಟ್ಟು ನಿಂತರೆ ಬದಿಗೆ ಸರಿಸಲು ಜಾಗವಿಲ್ಲ, ಹಿಂದಿನವರೆಲ್ಲ ಕಾಯಬೇಕು. ನನ್ನ ಪ್ರಕಾರ ಅದಕ್ಕಿಂತ ದೊಡ್ಡ ತೊಂದರೆ ಕೆಳಗಿತ್ತು. ನೀರಿನಿಂದ ಸೇತುವೆಗೆ 155 ಅಡಿ ಅಂತರ. ಹಡಗುಗಳು ದೊಡ್ಡದಾಗುತ್ತಾ ಹೋದವು, ಸೇತುವೆ ಅಲ್ಲೇ ಉಳಿಯಿತು. ಹೊಸದು 205 ಅಡಿ ಎತ್ತರದಲ್ಲಿದೆ. ಹಳೆಯದರಲ್ಲಿ ಓಡಾಟ ನಡೆದಿರುವಾಗಲೇ ಪಕ್ಕದಲ್ಲಿ ಇದನ್ನು ಕಟ್ಟಿ, 2020ರ ಅಕ್ಟೋಬರಿನಲ್ಲಿ ವಾಹನಗಳನ್ನು ಇತ್ತ ತಿರುಗಿಸಿದರು.

"ಮತ್ತೆ ಹಳೇದನ್ನ ಏನು ಮಾಡಿದ್ರು?"

2022ರ ಜುಲೈನಲ್ಲಿ ಹಡಗುಗಳನ್ನು ತಡೆದು, ನಡುವಿನ ಭಾಗವನ್ನು ಇಡಿಯಾಗಿ ಕೆಳಗೆ ಬಾರ್ಜ್ ಮೇಲೆ, ಅಂದರೆ ಚಪ್ಪಟೆ ತಳದ ಸರಕು ದೋಣಿಯ ಮೇಲೆ, ಇಳಿಸಿದರು ಅಂದೆ. ಅಪ್ಪನ ಮುಖ ಅರಳಿದ್ದು ಆಗಲೇ. ಇಡಿಯಾಗಿಯಾ? ಯಾವುದರಿಂದ ಇಳಿಸಿದ್ರು? ಗುಜರಿಗೆ ಎಷ್ಟಕ್ಕೆ ಹೋಯ್ತು? ನನ್ನ ಹತ್ತಿರ ಉತ್ತರ ಇರಲಿಲ್ಲ. ಫೋನಿನಲ್ಲಿ ವಿಡಿಯೋ ಹುಡುಕಿ ಕೊಟ್ಟೆ. ಅಷ್ಟು ಎತ್ತರದ ಗೋಪುರಕ್ಕೆ ಬೆನ್ನು ಹಾಕಿ, ಬಿಸಿಲಿಗೆ ಕೈ ಅಡ್ಡ ಹಿಡಿದು, ಹಳೇ ಸೇತುವೆ ಇಳಿಯುವುದನ್ನೇ ನೋಡುತ್ತಾ ನಿಂತರು. ಊಟಕ್ಕೆ ಹೋಗೋಣ ಅಂದರೆ, "ತಡಿ, ಇನ್ನೂ ಬಾರ್ಜಿಗೆ ಮುಟ್ಟಿಲ್ಲ" ಅಂದರು.