ನಮ್ಮ ಹಂಚಿನ ಮೇಲಿದ್ದ ಊರು

ಪುತ್ತೂರಿನ ಹತ್ತಿರ ನಮ್ಮ ಅಜ್ಜಿಮನೆ. ಹಳೇ ಹಂಚಿನ ಮಾಡು. ಪ್ರತಿ ವರ್ಷ ಮಳೆಗಾಲಕ್ಕೆ ಮೊದಲು ಹಂಚು ಕೈಯಾಡಿಸುವ ಕೆಲಸ ಇರುತ್ತಿತ್ತು. ಒಡೆದದ್ದನ್ನು ತೆಗೆಯುವುದು, ಪಾಚಿ ಕಟ್ಟಿದ್ದನ್ನು ಉಜ್ಜಿ ಮತ್ತೆ ಹೊದೆಸುವುದು. ಮೇಲಿನಿಂದ ಮಾವ ಇಳಿಸಿಕೊಟ್ಟದ್ದನ್ನು ಅಂಗಳದಲ್ಲಿ ಸಾಲಾಗಿ ಜೋಡಿಸುವುದು ಮಕ್ಕಳಾದ ನಮ್ಮ ಪಾಲಿನ ಕೆಲಸ. ಹಂಚನ್ನು ಮಗುಚಿದರೆ ಉಬ್ಬಿದ ಇಂಗ್ಲಿಷ್ ಅಕ್ಷರಗಳು ಕಾಣುತ್ತಿದ್ದವು: ಬಾಸೆಲ್ ಮಿಶನ್ ಟೈಲ್ ವರ್ಕ್ಸ್. ಬೆರಳಾಡಿಸಿ ಒಂದೊಂದೇ ಅಕ್ಷರ ಓದುತ್ತಿದ್ದೆ. ಬಾಸೆಲ್ ಅಂದರೆ ಹಂಚು ಮಾಡುವ ಯಾವುದೋ ಕಂಪನಿ ಅಂತಲೇ ತಿಳಿದಿದ್ದೆ. ಅದೊಂದು ಊರು, ಅಲ್ಲಿನ ಕ್ರೈಸ್ತ ಮಿಶನ್‌ನವರು ನಮ್ಮ ಕಡೆ ಬಂದು ಹಂಚಿನ ಕಾರ್ಖಾನೆ, ಶಾಲೆ ನಡೆಸಿದ್ದರು ಅಂತ ಗೊತ್ತಾದದ್ದು ಹೈಸ್ಕೂಲಿಗೆ ಬಂದ ಮೇಲೆ.

ಈಗ ನಾನು ಎಂ.ಎಸ್ಸಿ. ಓದುತ್ತಿರುವುದು ಜರ್ಮನಿಯ ಫ್ರೈಬುರ್ಗ್‌ನಲ್ಲಿ. ಇಲ್ಲಿಂದ ಸ್ವಿಟ್ಜರ್‌ಲೆಂಡಿನ ಬಾಸೆಲ್‌ಗೆ ಹೆಚ್ಚೆಂದರೆ ಒಂದು ಗಂಟೆಯ ರೈಲು. ಹತ್ತಿರ ಇದ್ದದ್ದಕ್ಕೇ ಇರಬೇಕು, ಇವತ್ತು ನಾಳೆ ಅಂತ ಒಂದು ವರ್ಷ ಕಳೆಯಿತು. ಕೊನೆಗೆ 2025ರ ಜುಲೈಯಲ್ಲಿ ಪರೀಕ್ಷೆಗೆ ಮುಂಚೆ ಒಂದು ಶನಿವಾರ ಹೊರಟೇಬಿಟ್ಟೆವು. ನಾವು ಅಂದರೆ ನಾನು ಮತ್ತು ಧಾರವಾಡದ ಗೆಳೆಯ. ಅವನು ಓದಿದ್ದು ಅಲ್ಲಿನ ಬಾಸೆಲ್ ಮಿಶನ್ ಶಾಲೆಯಲ್ಲಿ. ನಾನು ಹಂಚಿನ ಋಣಕ್ಕೆ ಹೊರಟರೆ ಅವನು ಶಾಲೆಯ ಋಣಕ್ಕೆ.

ಬಾಸೆಲ್‌ನಲ್ಲಿ ಬಾಡಿಶರ್ ಬಾನ್‌ಹೋಫ್ ಅಂತ ಒಂದು ಸ್ಟೇಷನ್ ಇದೆ. ನೆಲ ಸ್ವಿಟ್ಜರ್‌ಲೆಂಡಿನದು, ರೈಲ್ವೆ ಜರ್ಮನಿಯದು. ಅಲ್ಲಿಯವರೆಗೆ ನಮ್ಮ ಜರ್ಮನಿಯ ತಿಂಗಳ ಪಾಸೇ ನಡೆಯುತ್ತದೆ. ಆಗ ಅದಕ್ಕೆ ತಿಂಗಳಿಗೆ 58 ಯೂರೋ ಇತ್ತು. ಬೇರೆ ವೀಸಾ ಬೇಡ, ಆದರೆ ಪಾಸ್‌ಪೋರ್ಟ್ ಮತ್ತು ಜರ್ಮನಿಯ ರೆಸಿಡೆನ್ಸ್ ಕಾರ್ಡ್ ಜೇಬಿನಲ್ಲಿ ಇರಲೇಬೇಕು. ಮೊಬೈಲ್ ಡೇಟಾ ಮಾತ್ರ ರೈಲಿನಲ್ಲೇ ಬಂದ್ ಮಾಡಿ. ಸ್ವಿಟ್ಜರ್‌ಲೆಂಡ್ ಯುರೋಪಿಯನ್ ಒಕ್ಕೂಟದಲ್ಲಿ ಇಲ್ಲ, ಅಲ್ಲಿ ಡೇಟಾಕ್ಕೆ ಬೇರೆ ದುಡ್ಡು ಬೀಳಬಹುದು. ಹಿಂದೊಮ್ಮೆ ಗಡಿ ಹತ್ತಿರ ಬೆಟ್ಟ ಹತ್ತಲು ಹೋಗಿದ್ದಾಗ ಫೋನು ತಾನಾಗಿಯೇ ಆ ಕಡೆಯ ನೆಟ್‌ವರ್ಕ್ ಹಿಡಿದು, ನನ್ನ ಎರಡು ವಾರದ ತರಕಾರಿ ದುಡ್ಡು ಬಿಲ್ಲಿಗೆ ಹೋಗಿತ್ತು. ಊಟವೂ ಅಲ್ಲಿ ತುಂಬಾ ದುಬಾರಿ. ನಾವು ಚಪಾತಿ, ಪಲ್ಯ ಕಟ್ಟಿಕೊಂಡೇ ಹೋಗಿದ್ದೆವು. ನೀರಿಗೆ ಚಿಂತೆ ಇಲ್ಲ. ಊರ ತುಂಬ ಕಾರಂಜಿ ತೊಟ್ಟಿಗಳಿವೆ, ಬಾಟಲಿ ಹಿಡಿದರೆ ಆಯಿತು. ಹಾಸ್ಟೆಲ್‌ನಲ್ಲಿ ರಾತ್ರಿ ಉಳಿಯುವವರಿಗೆ ಒಂದು ಕಾರ್ಡ್ ಕೊಡುತ್ತಾರೆ, ಅದರಲ್ಲಿ ಟ್ರ್ಯಾಮ್ ಓಡಾಟ ಪುಕ್ಕಟೆ.

ಬ್ಯಾಗ್ ಇಟ್ಟವರೇ ಮೊದಲು ಹೋದದ್ದು ಮಿಶನ್ ಮನೆಗೆ. ಶ್ಪಾಲೆನ್‌ಟೋರ್ ಅಂತ ಹಳೇ ಕೋಟೆಯ ದೊಡ್ಡ ಬಾಗಿಲು ಇದೆ. ಅದನ್ನು ದಾಟಿ ಸ್ವಲ್ಪ ನಡೆದರೆ ಬರುವ ರಸ್ತೆಯ ಹೆಸರೇ ಮಿಸ್ಸಿಯೋನ್ಸ್‌ಸ್ಟ್ರಾಸೆ, ಮಿಶನ್ ರಸ್ತೆ. ಇಪ್ಪತ್ತೊಂದನೇ ನಂಬರಿನ ಉದ್ದನೆಯ ಕಟ್ಟಡ. ಈಗ ಅದರ ಒಂದು ಭಾಗ ಹೋಟೆಲ್. ಮಿಶನ್‌ನ ಹಳೇ ಕಾಗದಪತ್ರ, ಫೋಟೊಗಳ ಸಂಗ್ರಹವೂ ಅಲ್ಲೇ ಇದೆ. ಶನಿವಾರವಾದ್ದರಿಂದ ಅದು ಮುಚ್ಚಿತ್ತು. ನಾವು ಹಿಂದಿನ ತೋಟದ ಬೆಂಚಿನ ಮೇಲೆ ಕೂತೆವು.

"ನಮ್ಮ ಸಾಲಿ ಬೋರ್ಡಿನ ಮ್ಯಾಲಿನ ಊರು ಇದ ಏನಪಾ?" ಅಂದ ಗೆಳೆಯ. ಆಮೇಲೆ ತುಂಬಾ ಹೊತ್ತು ಇಬ್ಬರೂ ಮಾತಾಡಲಿಲ್ಲ.

ಆ ಬೆಂಚಿನ ಮೇಲೆ ಕೂತಾಗ ನನ್ನ ತಲೆಯಲ್ಲಿದ್ದದ್ದು ವಯಸ್ಸಿನ ಲೆಕ್ಕ. ಬಾಸೆಲ್ ಮಿಶನ್ ಶುರುವಾದದ್ದು 1815ರಲ್ಲಿ. ಅದರ ಮೊದಲ ಮೂವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಹರ್ಮನ್ ಮೋಗ್ಲಿಂಗ್ 1836ರಲ್ಲಿ ಬಂದಾಗ ಇಪ್ಪತ್ತೈದರ ಹುಡುಗ. 1843ರಲ್ಲಿ ಮಂಗಳೂರ ಸಮಾಚಾರವನ್ನು ಕಲ್ಲಚ್ಚಿನಲ್ಲಿ ಹೊರತಂದದ್ದು ಅವರೇ, ಕನ್ನಡದ ಮೊದಲ ಪತ್ರಿಕೆ. ಫರ್ಡಿನಾಂಡ್ ಕಿಟೆಲ್ 1853ರಲ್ಲಿ ಹೊರಟಾಗ ಅವರಿಗೆ ಬರೀ ಇಪ್ಪತ್ತೊಂದು. ನನಗಿಂತ ಎರಡು ವರ್ಷ ಚಿಕ್ಕವರು! ಸೂಯೆಜ್ ಕಾಲುವೆ ಆಗ ಇನ್ನೂ ಇರಲಿಲ್ಲ. ನಾನು ಕೂತಿದ್ದ ಈ ಕಟ್ಟಡವೂ ಇರಲಿಲ್ಲ, ಇದು 1860ರದ್ದು. ಕಿಟೆಲ್ ಅವರ ಕನ್ನಡ ನಿಘಂಟು ಮಂಗಳೂರಿನಲ್ಲಿ ಅಚ್ಚಾದದ್ದು 1894ರಲ್ಲಿ, ಎಪ್ಪತ್ತು ಸಾವಿರದಷ್ಟು ಶಬ್ದಗಳೊಂದಿಗೆ. ಅವರೆಲ್ಲ ಬಂದದ್ದು ಧರ್ಮ ಪ್ರಚಾರಕ್ಕೆ, ಅದನ್ನು ಮುಚ್ಚಿಡುವುದು ಬೇಡ. ಆದರೆ ನಾನು ಇಲ್ಲಿ ಜರ್ಮನ್ ಭಾಷೆಯಲ್ಲಿ ನಾಮಪದದ ಲಿಂಗ ತೋರಿಸುವ ಡೆರ್, ಡೀ, ದಾಸ್‌ಗಳ ಜೊತೆ ದಿನಾ ಗುದ್ದಾಡುತ್ತಿದ್ದೇನೆ. ಇನ್ನೊಬ್ಬರ ಭಾಷೆಗೆ ಒಬ್ಬ ಮನುಷ್ಯ ಅಷ್ಟು ವರ್ಷ ಕೊಟ್ಟದ್ದು ಎಂಥ ಕೆಲಸ ಅಂತ ಊರಿನಲ್ಲಿದ್ದಾಗ ನನಗೆ ತಿಳಿದಿರಲಿಲ್ಲ. ಅಲ್ಲಿ ಕೂತಾಗ ತಿಳಿಯಿತು.

ಸಂಜೆ ರೈನ್ ನದಿಯ ದಡಕ್ಕೆ ಬಂದೆವು. ತೊಟ್ಟ ಬಟ್ಟೆಯನ್ನು ಬಿಚ್ಚಿ ಮೀನಿನ ಆಕಾರದ ಚೀಲದಲ್ಲಿ ತುಂಬಿ, ಅದನ್ನೇ ಹಿಡಿದು ಜನ ಹೊಳೆಯಲ್ಲಿ ತೇಲಿಕೊಂಡು ಹೋಗುತ್ತಿದ್ದರು. ಚೀಲದೊಳಗೆ ನೀರು ಹೋಗುವುದಿಲ್ಲವಂತೆ. ಬೇಸಿಗೆಯಲ್ಲಿ ಇದು ಇಲ್ಲಿ ಎಲ್ಲರೂ ಮಾಡುವ ಕೆಲಸ.

ನನಗೆ ಜಾಸ್ತಿ ಇಷ್ಟವಾದದ್ದು ಕಡವಿನ ದೋಣಿ. ಅಂಥ ನಾಲ್ಕು ದೋಣಿಗಳಿವೆ. ಮರದ್ದು, ಮೇಲೆ ಸಣ್ಣ ಮಾಡು. ಇಂಜಿನ್ ಇಲ್ಲ, ಹುಟ್ಟೂ ಇಲ್ಲ. ಹೊಳೆಗೆ ಅಡ್ಡಲಾಗಿ ಎತ್ತರದಲ್ಲಿ ಒಂದು ಉಕ್ಕಿನ ಹಗ್ಗ, ಅದರಿಂದ ದೋಣಿಗೆ ಇನ್ನೊಂದು ಹಗ್ಗ. ಅಂಬಿಗ ಮರದ ಹಿಡಿಕೆಯೊಂದನ್ನು ಒಂದು ಬದಿಯಿಂದ ಇನ್ನೊಂದು ಬದಿಗೆ ತಿರುಗಿಸುತ್ತಾನೆ. ದೋಣಿ ಸ್ವಲ್ಪ ಓರೆಯಾಗುತ್ತದೆ. ಅಷ್ಟೇ, ನೀರಿನ ಸೆಳೆತವೇ ಅದನ್ನು ಆಚೆ ದಡಕ್ಕೆ ತಳ್ಳುತ್ತದೆ. ಸದ್ದೇ ಇಲ್ಲ. ಹಲಗೆಗೆ ನೀರು ಬಡಿಯುವುದು ಮಾತ್ರ ಕೇಳುತ್ತದೆ. ಕಣ್ಣು ಮುಚ್ಚಿದರೆ ಮಂಗಳೂರಿನ ಸುಲ್ತಾನ್ ಬತ್ತೇರಿಯಿಂದ ತಣ್ಣೀರುಬಾವಿಗೆ ದಾಟುತ್ತಿದ್ದೇನೆ ಅನ್ನಿಸಿತು. ಅಲ್ಲಿ ಇಂಜಿನ್ ಸದ್ದು ಉಂಟು ಅಷ್ಟೇ.

ದೋಣಿ ನಡುಹೊಳೆಗೆ ಬಂದಾಗ ತಲೆ ಎತ್ತಿ ನೋಡಿದೆ. ದಡದ ಮೇಲೆ ಮ್ಯುನ್‌ಸ್ಟರ್, ಈ ಊರಿನ ದೊಡ್ಡ ಇಗರ್ಜಿ. ಕೆಂಪು ಮರಳುಗಲ್ಲಿನದು. 1356ರ ಭೂಕಂಪದಲ್ಲಿ ಕುಸಿದು ಮತ್ತೆ ಎದ್ದದ್ದು. ಅದರ ಮಾಡು ಪೂರ್ತಿ ಹಂಚಿನದು! ಹಸಿರು, ಹಳದಿ, ಕೆಂಪು, ಬಿಳಿ ಬಣ್ಣದ ಹಂಚುಗಳನ್ನು ಚಾಪೆ ಹೆಣೆದ ಹಾಗೆ ಜೋಡಿಸಿದ್ದಾರೆ. ಸಂಜೆ ಬಿಸಿಲಿಗೆ ಹೊಳೆಯುತ್ತಿತ್ತು. ಗೆಳೆಯ ಫೋಟೊ ತೆಗೆದ. ನಾನು ಸುಮ್ನೆ ನೋಡುತ್ತಾ ಕೂತೆ.

ಮರುದಿನ ಬೆಳಿಗ್ಗೆ ಹೊಳೆ ಬದಿಯ ಹಳೇ ಕಾಗದದ ಗಿರಣಿಗೆ ಹೋದೆವು. ಈಗ ಅದು ಮ್ಯೂಸಿಯಂ. ನೀರಿನ ಚಕ್ರ ಇನ್ನೂ ತಿರುಗುತ್ತದೆ, ನಾವೇ ಕೈಯಾರೆ ಕಾಗದ ಮಾಡಬಹುದು. ಅಲ್ಲಿಗೆ ಅರ್ಧ ದಿನ ಇಟ್ಟುಕೊಂಡು ಹೋಗಿ.

ವಾಪಸ್ ಫ್ರೈಬುರ್ಗ್‌ಗೆ ಬಂದು ಅಜ್ಜಿಗೆ ಫೋನ್ ಮಾಡಿದೆ. ಊರಿನಲ್ಲಿ ಆಗಲೇ ರಾತ್ರಿ, ಹೊರಗೆ ಜೋರು ಮಳೆ, ಮಾಡಿನ ಮೇಲೆ ಬೀಳುವ ಸದ್ದು ನನಗೂ ಕೇಳುತ್ತಿತ್ತು. "ಅಜ್ಜಿ, ನಮ್ಮ ಹಂಚಿನ ಊರಿಗೆ ಹೋಗಿ ಬಂದೆ" ಅಂತ ಇಗರ್ಜಿಯ ಫೋಟೊ ತೋರಿಸಿದೆ. ಅಜ್ಜಿ ಕನ್ನಡಕ ಹಾಕಿಕೊಂಡು, ಫೋನನ್ನು ಮುಖದ ಹತ್ತಿರ ಹಿಡಿದು ನೋಡಿದರು.

"ಚಂದ ಉಂಟು ಮಗಾ" ಅಂದರು. "ಆದರೆ ಅಷ್ಟು ಎತ್ತರಕ್ಕೆ ಹತ್ತಿ ಅದನ್ನು ಕೈಯಾಡಿಸುವುದು ಯಾರು?"