ಗುಣವಂತೆಗೆ ಹೋಗುವವರು ಮಧ್ಯಾಹ್ನ ನಿದ್ದೆ ಮಾಡಿ

ಗುಣವಂತೆಯ ನಾಟ್ಯೋತ್ಸವಕ್ಕೆ ಮೊದಲ ಸಲ ಹೋದಾಗ, ಶಿರಸಿಯಲ್ಲಿ ಮಧ್ಯಾಹ್ನದ ಊಟ ಮುಗಿಸಿ ಹೊರಟವನು ಸೀದಾ ಹೋಗಿ ಕುರ್ಚಿಯಲ್ಲಿ ಕೂತಿದ್ದೆ. ರಾತ್ರಿ ಯಕ್ಷಗಾನ ಕಳೆಗಟ್ಟುವ ಹೊತ್ತಿಗೆ ತೂಕಡಿಕೆ. ಭಾವ ಎರಡು ಸಲ ತಿವಿದ, ಮೂರನೇ ಸಲಕ್ಕೆ ಅವನೂ ಗೊರಕೆ. ಅದಕ್ಕೇ ಈ ಸಲ ಮೂರು ದಿನ ಅಲ್ಲೇ ಸುತ್ತಮುತ್ತ ಉಳಿಯುವ ಲೆಕ್ಕದಲ್ಲಿ ಹೋದೆವು. ಮುಂದಿನ ವರ್ಷ ಹೋಗುವವರಿಗೆ ಉಪಯೋಗವಾದೀತೆಂದು ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಎರಡು ಮಾತು. ಗುಣವಂತೆ ಹೊನ್ನಾವರ ತಾಲ್ಲೂಕಿನ ಹಳ್ಳಿ, ಭಟ್ಕಳದ ದಿಕ್ಕಿಗೆ ಹೋಗುವಾಗ ಹೆದ್ದಾರಿಯಲ್ಲೇ ಸಿಗುತ್ತದೆ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಯಕ್ಷಗಾನ ಮೇಳದ ನೆಲೆ ಇದು. ಅವರ ಮಗ ಶಂಭು ಹೆಗಡೆಯವರು ಇಲ್ಲೇ ‘ಶ್ರೀಮಯ’ ಎಂಬ ಯಕ್ಷಗಾನ ಶಾಲೆ ತೆರೆದರು. 2009ರ ಫೆಬ್ರವರಿಯಲ್ಲಿ ಇಡಗುಂಜಿಯಲ್ಲಿ ಯಕ್ಷಗಾನದ ಆಟದ ನಡುವೆಯೇ ಅಸ್ವಸ್ಥರಾಗಿ ತೀರಿಕೊಂಡರು. ಅವರ ಹೆಸರಿನಲ್ಲಿ ಈಗ ಅವರ ಮಗ ಶಿವಾನಂದ ಹೆಗಡೆಯವರು ನಡೆಸುತ್ತಿರುವುದೇ ಈ ಉತ್ಸವ. ಗಾಯನ, ಒಡಿಸ್ಸಿ, ಕಥಕ್, ನಾಟಕ, ಯಕ್ಷಗಾನ ಎಲ್ಲ ಒಂದೇ ವೇದಿಕೆಯಲ್ಲಿ ಕೆಲವು ಸಂಜೆ ಸಾಲಾಗಿ ನಡೆಯುತ್ತವೆ. ತಾರೀಕು ವರ್ಷವರ್ಷವೂ ಬದಲಾಗುತ್ತದೆ, ಆಮಂತ್ರಣ ಪತ್ರಿಕೆ ಕೈಗೆ ಸಿಕ್ಕ ಮೇಲೇ ರಜೆ ಹಾಕಿ.

ಶಿರಸಿಯಿಂದ ಎರಡು ದಾರಿ. ದೇವಿಮನೆ ಘಟ್ಟ ಇಳಿದು ಕುಮಟಾ, ಅಲ್ಲಿಂದ ಹೊನ್ನಾವರ. ಇಲ್ಲವೇ ಸಿದ್ದಾಪುರ, ಮಾವಿನಗುಂಡಿ, ಗೇರುಸೊಪ್ಪೆ. ದೇವಿಮನೆ ಹತ್ತಿರದ್ದು, ಆದರೆ ರಸ್ತೆ ಕೆಲಸಕ್ಕೆಂದು ಆಗಾಗ ಬಂದ್ ಮಾಡುತ್ತಾರೆ, ಹೊರಡುವ ಹಿಂದಿನ ದಿನ ಬಸ್ ಸ್ಟ್ಯಾಂಡಿನಲ್ಲಿ ವಿಚಾರಿಸಿಕೊಳ್ಳಿ. ಕಾರವಾರದ ಕಡೆಯವರಿಗೆ ತೊಂದರೆಯಿಲ್ಲ, ಹೆದ್ದಾರಿ ಹಿಡಿದು ಬಂದರಾಯಿತು. ಬಸ್ಸಿನಲ್ಲಿ ಬರುವವರು ಗುಣವಂತೆಯಲ್ಲಿ ನಿಲ್ಲಿಸುತ್ತಾರೋ ಇಲ್ಲವೋ ಎಂದು ಹತ್ತುವ ಮೊದಲೇ ಕಂಡಕ್ಟರನ್ನು ಕೇಳಿ. ರಾತ್ರಿ ವಾಪಸ್ಸಿಗೆ ಬಸ್ ನಂಬಬೇಡಿ. ಆಟೋದವನ ನಂಬರ್ ಸಂಜೆಯೇ ಬರೆದುಕೊಳ್ಳಿ, ಬಾಡಿಗೆಯನ್ನೂ ಆಗಲೇ ಮಾತಾಡಿಬಿಡಿ.

ಉಳಿಯಲು ಹೊನ್ನಾವರ ಅನುಕೂಲ. ಮುರುಡೇಶ್ವರದಲ್ಲಿ ಲಾಡ್ಜುಗಳು ಜಾಸ್ತಿ, ಶನಿವಾರ ಭಾನುವಾರ ಪ್ರವಾಸಿಗರೂ ಜಾಸ್ತಿ. ನಾವು ಫೋನಿನಲ್ಲಿ ಹೇಳಿಟ್ಟ ರೂಮನ್ನು ಲಾಡ್ಜೊಂದರವರು ಬೇರೆಯವರಿಗೆ ಕೊಟ್ಟಿದ್ದರು. ರಾತ್ರಿ ಹನ್ನೆರಡೂವರೆಗೆ ಬ್ಯಾಗ್ ಹೊತ್ತುಕೊಂಡು ಹೆದ್ದಾರಿ ಬದಿಯಲ್ಲಿ ನಿಂತಿದ್ದೇ ಬಂತು. ಮುಂಗಡ ಕೊಟ್ಟು ರಸೀದಿ ತೆಗೆದುಕೊಳ್ಳಿ, ಸಂಜೆಯೇ ಹೋಗಿ ಬೀಗದ ಕೈ ಇಸಕೊಳ್ಳಿ.

ಹಗಲು ಊರು ಸುತ್ತಲು ಬೇಕಷ್ಟಿದೆ. ಕಾಸರಕೋಡ ಕಡಲತೀರ, ಶರಾವತಿಯ ದೋಣಿ, ಇಡಗುಂಜಿ ಗಣಪತಿ. ಗುಣವಂತೆಯಲ್ಲೇ ಶಂಭುಲಿಂಗೇಶ್ವರ ಇದ್ದಾನೆ, ಗೋಕರ್ಣದ ಆತ್ಮಲಿಂಗದ ಕತೆಗೆ ಸೇರಿದ ಐದು ಕ್ಷೇತ್ರಗಳಲ್ಲಿ ಒಂದು. ಇವನ್ನೆಲ್ಲ ಬೆಳಿಗ್ಗೆಯೇ ಮುಗಿಸಿ, ಊಟ ಮಾಡಿ, ಎರಡು ತಾಸು ಮಲಗಿಬಿಡಿ. ನನ್ನ ಬರಹದಲ್ಲಿ ಇದೊಂದನ್ನು ಪಾಲಿಸಿದರೂ ಸಾಕು.

ಸಂಜೆ ಬೇಗ ಹೋಗಿ. ಸೀಟು ಹಿಡಿಯುವುದಕ್ಕಲ್ಲ, ವೇಷ ಕಟ್ಟುವ ಚೌಕಿ ನೋಡುವುದಕ್ಕೆ. ಚೌಕಿಮನೆಯೊಳಗೆ ಗಣಪತಿ ಪೂಜೆ ಇರುತ್ತದೆ, ಚಪ್ಪಲಿ ಹೊರಗೇ ಬಿಟ್ಟು, ಒಪ್ಪಿಗೆ ಕೇಳಿ ಮೂಲೆಯಲ್ಲಿ ನಿಲ್ಲಿ. ಬಣ್ಣ ಬರೆದುಕೊಳ್ಳುವಾಗ ಮುಖಕ್ಕೆ ಮೊಬೈಲ್ ಹಿಡಿಯಬೇಡಿ. ಆಗಷ್ಟೇ ಚಾ ಕುಡಿಯುತ್ತ ತಮಾಷೆ ಮಾಡುತ್ತಿದ್ದ ಮನುಷ್ಯ ಮುಂಡಾಸು ಸುತ್ತಿ, ಎದೆಕಟ್ಟು ಬಿಗಿದು, ಗೆಜ್ಜೆ ಕಟ್ಟುತ್ತಿದ್ದ ಹಾಗೆ ಮಾತು ಕಡಿಮೆ ಮಾಡುತ್ತಾನೆ. ಕೊನೆಗೆ ಎದ್ದು ನಿಂತಾಗ ಅವನನ್ನು ಹೆಸರು ಹಿಡಿದು ಕರೆಯಲು ನಮಗೇ ಬಾಯಿ ಬರುವುದಿಲ್ಲ. ಇದನ್ನು ನೋಡಿದ ಮೇಲೆ ರಂಗದ ಮೇಲಿನ ಒಡ್ಡೋಲಗವೇ, ಅಂದರೆ ವೇಷಗಳ ಮೊದಲ ಪ್ರವೇಶವೇ, ಬೇರೆಯಾಗಿ ಕಾಣುತ್ತದೆ.

ಕೂರುವ ಜಾಗದ ವಿಷಯ. ಮೊದಲ ಸಾಲು ಬೇಡ. ಸ್ಪೀಕರಿನ ಎದುರಂತೂ ಬೇಡವೇ ಬೇಡ, ಚಂಡೆಯ ಉರುಳಿಕೆಗೆ ಕಿವಿ ಗುಂಯ್‌ಗುಟ್ಟಿ, ಹಾಡಿ ಆಟ ನಡೆಸುವ ಭಾಗವತರ ಪದ್ಯವೇ ಕೇಳುವುದಿಲ್ಲ. ನಾಲ್ಕೈದು ಸಾಲು ಹಿಂದೆ, ಹಿಂಬದಿಯಲ್ಲಿ ಕೂತ ಭಾಗವತರ ಮುಖ ಕಾಣುವ ಹಾಗೆ ಕೂತುಕೊಳ್ಳಿ. ಆಟದ ಲಗಾಮು ಇರುವುದು ಅವರ ಕೈಯ ತಾಳದಲ್ಲಿ. ಬೆಂಗಳೂರಿನಿಂದ ಬಂದಿದ್ದ ಅಣ್ಣನ ಮಗಳು, ಪಾಶ್ಚಾತ್ಯ ಸಂಗೀತ ಕಲಿಯುವವಳು, ‘ಇದು ನಮ್ಮ ಒಪೆರಾ’ ಎಂದಳು. ಅರ್ಧ ನಿಜ. ಒಪೆರಾದಲ್ಲಿ ಪಾತ್ರಧಾರಿ ತಾನೇ ಹಾಡುತ್ತಾನೆ, ಹಾಡೆಲ್ಲ ಮೊದಲೇ ಬರೆದದ್ದು. ಇಲ್ಲಿ ಪದ್ಯ ಭಾಗವತರದ್ದು, ಕುಣಿತ ವೇಷಧಾರಿಯದ್ದು. ಪದ್ಯ ಮುಗಿದ ಮೇಲೆ ವೇಷಧಾರಿ ಆಡುವ ಮಾತನ್ನು, ಅಂದರೆ ಅರ್ಥವನ್ನು, ಯಾರೂ ಬರೆದುಕೊಟ್ಟಿರುವುದಿಲ್ಲ, ಆ ರಾತ್ರಿ ಎದುರಿಗಿರುವವನ ಮಾತಿಗೆ ತಕ್ಕ ಹಾಗೆ ಅಲ್ಲೇ ಹುಟ್ಟುತ್ತದೆ. ಹಾಗಾಗಿ ಪ್ರಸಂಗದ ಕತೆಯನ್ನು ಮಕ್ಕಳಿಗೆ ಹಗಲೇ ಹೇಳಿಡಿ. ಕೌರವ ಯಾಕೆ ನೀರಿನಲ್ಲಿ ಅಡಗಿದ ಎಂದು ಗೊತ್ತಿಲ್ಲದಿದ್ದರೆ ಭೀಮನ ಹಂಗಿಸುವ ಮಾತಿನ ರುಚಿ ಹತ್ತುವುದಿಲ್ಲ.

ನಡುವೆ ಸಭೆ, ಸನ್ಮಾನ ಇರುತ್ತವೆ. ನಮ್ಮ ಜಿಲ್ಲೆಯಲ್ಲಿ ಸಭೆ ಹೇಳಿದ ಹೊತ್ತಿಗೆ ಮುಗಿದದ್ದನ್ನು ನಾನಂತೂ ಕಂಡಿಲ್ಲ. ಊಟ ಆಗಲೇ ಮುಗಿಸಿಕೊಳ್ಳಿ.

ಉತ್ಸವದ ಆಟ ಕಾಲಮಿತಿಯದ್ದು. ಬೆಳಗಿನ ತನಕದ ಆಟ ಬೇಕೆಂದರೆ, ಅದೇ ವಾರ ಸುತ್ತಲಿನ ಹಳ್ಳಿಗಳಲ್ಲಿ ಹರಕೆ ಹೊತ್ತವರು ಆಡಿಸುವ ಬಯಲಾಟ ಎಲ್ಲಿದೆ ಎಂದು ಚಾದಂಗಡಿಯಲ್ಲಿ ಕೇಳಿ. ಟೆಂಟಿನ ಆಟಕ್ಕಾದರೆ ಟಿಕೆಟ್, ಬಯಲಾಟಕ್ಕೆ ಅದಿಲ್ಲ. ಚಾಪೆ, ಶಾಲು, ಟಾರ್ಚು ಇರಲಿ, ಬೆಳಗಿನ ಜಾವ ಇಬ್ಬನಿ ಬೀಳುತ್ತದೆ. ಎಷ್ಟೊತ್ತಿಗೆ ಶುರು ಎಂದು ಕೇಳಿದ್ದಕ್ಕೆ ಅಲ್ಲಿನ ಹಿರಿಯರೊಬ್ಬರು, ‘ಗಂಟೆ ಕೇಳಡ ತಮಾ, ಚಂಡೆ ಕೇಳಿದ ಕೂಡ್ಲೆ ಬಾ’ ಎಂದರು.

ನಾವು ಹೋದೆವು. ಈ ಸಲ ಭಾವ ಕೊನೆಯ ಮಂಗಳ ಪದದವರೆಗೂ ಎಚ್ಚರವಿದ್ದ. ಗೊರಕೆ ಹೊಡೆದದ್ದು ಬೆಳಿಗ್ಗೆ ಕುಮಟಾದಿಂದ ಶಿರಸಿಗೆ ಹೊರಟ ಬಸ್ಸಿನಲ್ಲಿ, ಘಟ್ಟದ ತಿರುವು ಒಂದೂ ಗೊತ್ತಾಗದ ಹಾಗೆ.